ಹನ್ನೊಂದನೆಯವನಾಗಬೇಕಿದ್ದ ಎಂಟನೇ ಎಡ್ವರ್ಡ್

ಇಂಗ್ಲೆಂಡಿನಲ್ಲಿ ಎಡ್ವರ್ಡ್ ಎಂಬ ಹೆಸರಿನ ದೊರೆಗಳನ್ನು ಬೆರಳು ಮಡಚಿ ಎಣಿಸಿದರೆ ಹನ್ನೊಂದು ಮಂದಿ ಸಿಗುತ್ತಾರೆ. ಅವರಲ್ಲಿ ಕೊನೆಯವನು, 1936ರಲ್ಲಿ ಪಟ್ಟ ಬಿಟ್ಟುಕೊಟ್ಟವನು, ಎಂಟನೇ ಎಡ್ವರ್ಡ್. ಉಳಿದ ಮೂವರು ಎಲ್ಲಿ ಹೋದರು?

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಲೆಕ್ಕ ಅಲ್ಲಿಂದ ಶುರು. ಅದಕ್ಕೂ ಮುಂಚೆ ಆಳಿದ ಎಡ್ವರ್ಡ್ ದಿ ಎಲ್ಡರ್, ಎಡ್ವರ್ಡ್ ದಿ ಮಾರ್ಟರ್, ಎಡ್ವರ್ಡ್ ದಿ ಕನ್ಫೆಸರ್ ಮೂವರಿಗೂ ಬಿರುದಷ್ಟೇ ಉಂಟು, ಸಂಖ್ಯೆ ಇಲ್ಲ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. 1272ರಲ್ಲಿ ಪಟ್ಟಕ್ಕೆ ಬಂದವನನ್ನು 'ಹೆನ್ರಿ ದೊರೆಯ ಮಗ ಎಡ್ವರ್ಡ್' ಎಂದರೆ ಸಾಕಿತ್ತು. ಅವನ ಮಗ 'ಎಡ್ವರ್ಡ್ ದೊರೆಯ ಮಗ ಎಡ್ವರ್ಡ್'. 1327ರಲ್ಲಿ ಮೊಮ್ಮಗನೂ ಎಡ್ವರ್ಡನೇ ಆದಾಗ ಆ ಗುರುತು ಕೆಲಸಕ್ಕೆ ಬಾರದಾಯಿತು: ಅವನೂ ಎಡ್ವರ್ಡ್ ದೊರೆಯ ಮಗ ಎಡ್ವರ್ಡೇ! ಆಗ 'ನಾರ್ಮನ್ ವಿಜಯದ ಬಳಿಕ ಮೂರನೆಯವನು' ಎಂಬ ಬರವಣಿಗೆ ಬಂತು. ಮುಂದೆ ವಿಜಯದ ಮಾತು ಉದುರಿ ಅಂಕಿ ಉಳಿಯಿತು.

ಒಂಟಿ ಹೆಸರಿಗೆ ಅಂಕಿ ಇಲ್ಲ. ಜಾನ್, ಸ್ಟೀಫನ್, ಆನ್, ವಿಕ್ಟೋರಿಯಾ ಇವರೆಲ್ಲ ಬರೀ ಹೆಸರಿನವರು. 1952ರವರೆಗೆ ಎಲಿಜಬೆತ್ ಕೂಡ ಬರೀ ಎಲಿಜಬೆತ್. ಎರಡನೆಯವಳು ಬಂದ ಮೇಲೆ ಹಳಬಳು 'ಮೊದಲನೆಯವಳು' ಆದಳು. (ನಾವು ಇಮ್ಮಡಿ ಪುಲಕೇಶಿ ಎನ್ನುತ್ತೇವೆ, 'ಒಮ್ಮಡಿ' ಪುಲಕೇಶಿ ಎಂದವರುಂಟೆ?) ಅಂಕಿ ಸಿಗಲು ಕಿರೀಟವೂ ಬೇಕಿಲ್ಲ. ಐದನೇ ಮತ್ತು ಎಂಟನೇ ಎಡ್ವರ್ಡರಿಗೆ ಪಟ್ಟಾಭಿಷೇಕವೇ ಆಗಲಿಲ್ಲ, ಆದರೂ ಲೆಕ್ಕಕ್ಕಿದ್ದಾರೆ. 1170ರಲ್ಲಿ ತಂದೆ ಬದುಕಿರುವಾಗಲೇ ಕಿರೀಟ ತೊಟ್ಟ ಹೆನ್ರಿ ತಂದೆಗಿಂತ ಮೊದಲೇ ತೀರಿಕೊಂಡ; ಅವನು ಲೆಕ್ಕಕ್ಕಿಲ್ಲ. ಆರನೇ ಹೆನ್ರಿ 1461ರಲ್ಲಿ ಸಿಂಹಾಸನ ಕಳೆದುಕೊಂಡು 1470ರಲ್ಲಿ ಮತ್ತೆ ಏರಿದಾಗಲೂ ಆರನೆಯವನಾಗಿಯೇ ಉಳಿದ. ಅಂಕಿ ಆಳಿಗೆ, ಆಳ್ವಿಕೆಗಲ್ಲ.

ಹೆಸರಿನ ಆಯ್ಕೆ ಪೂರಾ ದೊರೆಯದೇ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆಯಾಗಿರುವ ಏಳನೇ ಎಡ್ವರ್ಡನ ಹೆಸರು ಆಲ್ಬರ್ಟ್ ಎಡ್ವರ್ಡ್. ತಾಯಿ ವಿಕ್ಟೋರಿಯಾಗೆ ಎರಡೂ ಹೆಸರು ಉಳಿಯಬೇಕೆಂಬ ಆಸೆ. 1901ರಲ್ಲಿ ಅವನು, ಆಲ್ಬರ್ಟ್ ಎಂಬುದು ತಂದೆಯ ನೆನಪಿಗೇ ಮೀಸಲಿರಲಿ ಎಂದು ಎಡ್ವರ್ಡನ್ನಷ್ಟೇ ಇಟ್ಟುಕೊಂಡ. 1936ರಲ್ಲಿ ಇನ್ನೊಬ್ಬ ಆಲ್ಬರ್ಟ್ ಆರನೇ ಜಾರ್ಜ್ ಆದ. ಸ್ವತಃ ವಿಕ್ಟೋರಿಯಾಳ ಮೊದಲ ಹೆಸರು ಅಲೆಕ್ಸಾಂಡ್ರಿನಾ.

ನಿಜವಾದ ತಕರಾರು ಎದ್ದದ್ದು ಸ್ಕಾಟ್ಲೆಂಡಿನಲ್ಲಿ. 1603ರಲ್ಲಿ ಅಲ್ಲಿನ ಆರನೇ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದಾಗ ಇಲ್ಲಿ ಮೊದಲನೆಯವನೆನಿಸಿದ. ಒಬ್ಬನಿಗೇ ಎರಡು ಅಂಕಿ. 1707ರಲ್ಲಿ ಎರಡು ರಾಜ್ಯಗಳು ಒಂದಾದವು. ಮೊದಲನೆಯವಳಾದ ಎಲಿಜಬೆತ್ ಟ್ಯೂಡರ್ ಸ್ಕಾಟ್ಲೆಂಡನ್ನು ಆಳಿದವಳೇ ಅಲ್ಲ, ಹಾಗಿರುವಾಗ 'ಎರಡನೇ' ಎಲಿಜಬೆತ್ ಎಲ್ಲಿಂದ ಬಂದಳು ಎಂಬುದು ಸ್ಕಾಟರ ಪ್ರಶ್ನೆ. ಎಡಿನ್‌ಬರೋದ ಇಂಚ್ ಬಡಾವಣೆಯಲ್ಲಿ 1952ರ ನವೆಂಬರಿನಲ್ಲಿ ಕೆಂಪು ಅಂಚೆಪೆಟ್ಟಿಗೆಯೊಂದನ್ನು ನೆಟ್ಟರು. ಅದರ ಮೈಮೇಲೆ 'ಇ', 'ಆರ್' (ಎಲಿಜಬೆತ್ ರೆಜೈನಾ, ಅಂದರೆ ರಾಣಿ ಎಲಿಜಬೆತ್) ಅಕ್ಷರಗಳ ನಡುವೆ ರೋಮನ್ 'ಎರಡು'. ಜನ ಬಣ್ಣ ಬಳಿದರು, ಸುತ್ತಿಗೆಯಿಂದ ಬಡಿದರು. 1953ರ ಫೆಬ್ರವರಿಯಲ್ಲಿ ಯಾರೋ ಸಿಡಿಮದ್ದಿಟ್ಟು ಉಡಾಯಿಸಿಯೇ ಬಿಟ್ಟರು. ಆಮೇಲೆ ಸ್ಕಾಟ್ಲೆಂಡಿನ ಹೊಸ ಪೆಟ್ಟಿಗೆಗಳ ಮೇಲೆ ಅಂಕಿಯ ಬದಲು ಅಲ್ಲಿನ ಕಿರೀಟ ಬಂತು. ಮ್ಯಾಕ್‌ಕಾರ್ಮಿಕ್ ಎಂಬುವರು ಈ ಅಂಕಿಯ ವಿರುದ್ಧ ಹೂಡಿದ ದಾವೆಯೂ ಸೋತಿತು: ಅಂಕಿ ರಾಜಪದವಿಯ ಹಕ್ಕು ಎಂದಿತು ಕೋರ್ಟು.

ಪ್ರಧಾನಿ ಚರ್ಚಿಲ್ 1953ರಲ್ಲಿ ಕೊಟ್ಟ ಸೂತ್ರ ಹೀಗೆ: ಎರಡೂ ರಾಜ್ಯಗಳ ಎಣಿಕೆಯಲ್ಲಿ ಯಾವುದು ದೊಡ್ಡದೋ ಅದನ್ನು ಇಟ್ಟುಕೊಳ್ಳುವುದು. ಜಾಣ ಸೂತ್ರ, ಏಕೆಂದರೆ 1707ರಿಂದ ಬಂದ ಯಾರ ಅಂಕಿಯನ್ನೂ ಅದು ಬದಲಿಸುವುದಿಲ್ಲ. 1830ರ ವಿಲಿಯಂ ಸ್ಕಾಟರಿಗೆ ಮೂರನೆಯವನು, ಇಂಗ್ಲಿಷರಿಗೆ ನಾಲ್ಕನೆಯವನು, ನಾಲ್ಕೇ ನಿಂತಿತು. ಮೂರನೇ ಚಾರ್ಲ್ಸ್ ವಿಷಯದಲ್ಲಿ ಎರಡು ಎಣಿಕೆಯೂ ಒಂದೇ. ಡೇವಿಡ್ ಎಂಬುವನು ಬಂದರೆ, ಇಂಗ್ಲೆಂಡಿನಲ್ಲಿ ಆ ಹೆಸರಿನವನೊಬ್ಬನೂ ಆಳಿಲ್ಲದಿದ್ದರೂ, ಮೂರನೇ ಡೇವಿಡ್ ಆಗಬೇಕಾಗುತ್ತದೆ. ಜೇಮ್ಸ್ ಬಂದರೆ ಎಂಟನೆಯವನು. ಇಂಗ್ಲೆಂಡಿನ ದೊರೆಗಳ ಪಟ್ಟಿಯಲ್ಲಿ ಆಗ ಎರಡಾದ ಮೇಲೆ ಒಮ್ಮೆಗೇ ಎಂಟು.