ಅಳಿವೆಯ ಬ್ಯಾಕ್ಟೀರಿಯಾವನ್ನು ನೀರಲ್ಲೇ ಇಟ್ಟು ನೋಡಬೇಕಾ?

ಪ್ರಶ್ನೆ: ನಾನು ಕಾರವಾರದ ಬಿ.ಎಸ್ಸಿ. ವಿದ್ಯಾರ್ಥಿನಿ. ಕೋಡಿಬಾಗದ ಹತ್ತಿರ ಕಾಳಿ ನದಿಯ ಅಳಿವೆಯಿಂದ ತಂದ ಬ್ಯಾಕ್ಟೀರಿಯಾವನ್ನು ಎಎಫ್‌ಎಂನಲ್ಲಿ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ನೋಡಬೇಕು. ಒಣಗಿಸಿ ನೋಡಿದರೆ ಸುಲಭ ಅಲ್ವಾ? ನೀರೇ ಯಾಕೆ?

ಉತ್ತರ: ಸುಲಭ ಹೌದು. ಆದರೆ ಒಣಗಿದ ಜೀವಕೋಶ ಕುಗ್ಗಿ ಚಪ್ಪಟೆಯಾಗುತ್ತದೆ, ಗಟ್ಟಿಯೂ ಆಗುತ್ತದೆ. ಬದುಕಿದ್ದಾಗ ಅದು ಹೇಗಿತ್ತು ಅಂತ ತಿಳಿಯುವುದಿಲ್ಲ.

1986ರಲ್ಲಿ ವಿಜ್ಞಾನಿಗಳಾದ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಪ್ರಕಟಿಸಿದ ಈ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಮುಟ್ಟಿ ನೋಡುವ ಉಪಕರಣ. ಕ್ಯಾಂಟಿಲಿವರ್ ಎಂಬ ತೆಳ್ಳನೆಯ ಪಟ್ಟಿಯ ತುದಿಯಲ್ಲಿ ಚೂಪಾದ ಮೊನೆ ಇರುತ್ತದೆ. ಪಟ್ಟಿ ಎಷ್ಟು ಬಾಗಿತು ಅಂತ ಲೇಸರ್ ಹೇಳುತ್ತದೆ. ಗಾಳಿಯಲ್ಲಿ ಎಲ್ಲದರ ಮೇಲೂ ತೇವದ ತೆಳು ಪದರ ಕೂತಿರುತ್ತದೆ. ನಮ್ಮ ಕರಾವಳಿಯ ಸೆಖೆಯಲ್ಲಂತೂ ಕೇಳುವುದೇ ಬೇಡ. ಆ ತೇವ ಮೊನೆಯನ್ನು ಹತ್ತಾರು ನ್ಯಾನೋನ್ಯೂಟನ್ ಬಲದಿಂದ ಎಳೆದುಕೊಳ್ಳುತ್ತದೆ, ಮೆದು ಕೋಶಕ್ಕೆ ಅದು ಜಾಸ್ತಿಯಾಯಿತು. ಎಲ್ಲವನ್ನೂ ನೀರಲ್ಲಿ ಮುಳುಗಿಸಿದರೆ ಈ ಎಳೆತವೇ ಹೋಗುತ್ತದೆ. ಆಗ 100 ಪಿಕೋನ್ಯೂಟನ್ ಆಸುಪಾಸಿನಲ್ಲಿ, ಅಂದರೆ ನೂರಾರು ಪಟ್ಟು ಹಗುರವಾಗಿ ಮುಟ್ಟಬಹುದು.

ಆದರೆ ಯಾವ ನೀರು? ನಿಮ್ಮ ಕೆಲಸದಲ್ಲಿ ಇದೇ ದೊಡ್ಡ ವಿಷಯ ಅಂತ ನನಗನಿಸುತ್ತದೆ. ಬ್ಯಾಕ್ಟೀರಿಯಾದ ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶ ಇರುತ್ತದೆ, ಮೊನೆಗೂ ಹಲವು ಸಲ ಹಾಗೆಯೇ. ಎರಡೂ ಒಂದನ್ನೊಂದು ತಳ್ಳುತ್ತವೆ. ಉಪ್ಪು ಈ ತಳ್ಳಾಟವನ್ನು ಕುಗ್ಗಿಸುತ್ತದೆ. ಸಮುದ್ರದ ನೀರಲ್ಲಿ ತಳ್ಳಾಟದ ವ್ಯಾಪ್ತಿ ಅರ್ಧ ನ್ಯಾನೋಮೀಟರ್‌ಗಿಂತ ಕಡಿಮೆ. ಸಿಹಿನೀರಲ್ಲಿ ಅದು ಎಷ್ಟೋ ಪಟ್ಟು ದೂರ ಹಬ್ಬುತ್ತದೆ. ಆಗ ಮೊನೆ ಕೋಶವನ್ನು ಮುಟ್ಟುವ ಮೊದಲೇ ಪಟ್ಟಿ ಬಾಗುತ್ತದೆ, ನೀವು ಕೋಶವೇ ಮೆದು ಅಂತ ಬರೆದುಕೊಳ್ಳುತ್ತೀರಿ. ಅಳಿವೆಯ ನೀರು ಬೇಸಿಗೆಯಲ್ಲಿ ಉಪ್ಪುಪ್ಪು, ಮಳೆಗಾಲದಲ್ಲಿ ಸಪ್ಪೆ. ಬೇಸಿಗೆಯ ಬ್ಯಾಕ್ಟೀರಿಯಾವನ್ನು ಡಿಸ್ಟಿಲ್ಡ್ ವಾಟರ್‌ಗೆ ಹಾಕಿದರೆ ಅದು ನೀರು ಹೀರಿ ಉಬ್ಬುತ್ತದೆ, ಒಡೆಯಲೂಬಹುದು. ಹಾಗಾಗಿ ಅದೇ ಜಾಗದ, ಅದೇ ದಿನದ ನೀರನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಬಳಸಿ. ಮಳೆಗಾಲದ ಕೆಂಪು ನೀರಿನ ಮಣ್ಣು ಲೇಸರನ್ನು ಚದುರಿಸುವುದೂ ಇದರಿಂದ ತಪ್ಪುತ್ತದೆ.

ಕೋಶ ಅಲುಗಾಡದಂತೆ ಗಾಜಿಗೆ ಪಾಲಿಲೈಸಿನ್ ಎಂಬ ಧನ ವಿದ್ಯುದಂಶದ ಅಂಟನ್ನು ಹಚ್ಚುವುದು ರೂಢಿ. ಆದರೆ ಉಪ್ಪು ಜಾಸ್ತಿಯಾದರೆ ಆ ಹಿಡಿತ ಸಡಿಲ. ದುಂಡು ಕೋಶಗಳಾದರೆ ಫಿಲ್ಟರಿನ ರಂಧ್ರಗಳಲ್ಲಿ ಸಿಕ್ಕಿಸಿ ನೋಡಿ. ಕ್ಯಾಂಟಿಲಿವರ್ ಮೀಟರಿಗೆ 0.01ರಿಂದ 0.1 ನ್ಯೂಟನ್‌ನಷ್ಟು ಮೆದುವಾದದ್ದಿರಲಿ. ಹನಿಯನ್ನು ಮುಚ್ಚಿಡಿ, ಆವಿಯಾದರೆ ಉಪ್ಪು ಏರುತ್ತಾ ಹೋಗುತ್ತದೆ. ಕೋಶಕ್ಕೆ ಕೈಹಾಕುವ ಮೊದಲು ಅದೇ ನೀರಲ್ಲಿ ಬರೀ ಗಾಜಿನ ಮೇಲೆ ಮೊನೆಯನ್ನು ಒತ್ತಿ ಒಂದು ಫೋರ್ಸ್ ಕರ್ವ್, ಅಂದರೆ ಮೊನೆ ಹತ್ತಿರವಾದಂತೆ ಬಲ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಗೆರೆ, ತೆಗೆಯಿರಿ. ಗಾಜು ಗಟ್ಟಿ. ಹಾಗಾಗಿ ಅಲ್ಲಿ ಗೆರೆ ಮೆಲ್ಲಗೆ ಬಾಗಿ ಏರಿದರೆ ಅದು ಉಪ್ಪು ಸಾಲದ ನೀರಿನ ತಳ್ಳಾಟ.