ಬರಗಾಲದ ಸಾಲದಿಂದ ಗೃಹಲಕ್ಷ್ಮಿವರೆಗೆ: ಮೈಸೂರು ಸೀಮೆಯ ಬಜೆಟ್ ಕಥೆ

ಬಜೆಟ್ ಮಂಡನೆಯಾದ ದಿನ ಮೈಸೂರು, ಮಂಡ್ಯದಲ್ಲಿ ಎಲ್ಲರೂ ಕೇಳುವುದು ಒಂದೇ, ‘ನಮ್ಮ ಜಿಲ್ಲೆಗೆ ಎಷ್ಟು ಬಂತು?’ ಕೇಳಬೇಕಾದ್ದೇ. ಆದರೆ ಆ ದುಡ್ಡು ತೆರಿಗೆಯದೋ ಸಾಲದ್ದೋ, ಸಾಲವಾದರೆ ಯಾವ ಕೆಲಸಕ್ಕೆ ಹೋಯಿತು ಅಂತಲೂ ಕೇಳಬೇಕು, ಅಲ್ವಾ?

1876–78ರ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಆಡಳಿತ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿತು. ಜೊತೆಗೆ ಬರಗಾಲದ 80 ಲಕ್ಷ ರೂಪಾಯಿ ಸಾಲವೂ ಬಂತು. ವರ್ಷದ ಆದಾಯ ಸುಮಾರು 1 ಕೋಟಿ. ಅದರಲ್ಲಿ 24.5 ಲಕ್ಷ ಬ್ರಿಟಿಷರಿಗೆ ಕಪ್ಪ. ದಿವಾನ ರಂಗಾಚಾರ್ಲು ಆಡಳಿತದ ಖರ್ಚಿಗೆ ಕತ್ತರಿ ಹಾಕಿದರು. ಮುಂದೆ ಕೋಲಾರದ ಚಿನ್ನದ ರಾಜಧನ, ಅಂದರೆ ಗಣಿ ಕಂಪನಿಗಳು ಸರ್ಕಾರಕ್ಕೆ ಕಟ್ಟುವ ಪಾಲು ಬಂತು. 1902ರಿಂದ ಶಿವನಸಮುದ್ರದ ಕರೆಂಟು ಅದೇ ಗಣಿಗಳಿಗೆ ಮಾರಾಟವಾಯಿತು. ಹಾಕಿದ ದುಡ್ಡು ದುಡಿಯತೊಡಗಿತು.

ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕನ್ನಂಬಾಡಿ. 1911ರಲ್ಲಿ ಶುರುವಾದ ಅಣೆಕಟ್ಟೆ ಮುಗಿಯಲು ಸುಮಾರು ಎರಡು ದಶಕ ಬೇಕಾಯಿತು. ಅಷ್ಟರಲ್ಲಿ ಜಗತ್ತಿಗೇ ಆರ್ಥಿಕ ಮುಗ್ಗಟ್ಟು, ಬೆಳೆಗಳ ಬೆಲೆ ನೆಲಕಚ್ಚಿತ್ತು. ಆದರೂ ಸರ್ಕಾರ ಹಿಂದೆ ಸರಿಯಲಿಲ್ಲ. ನಾಲೆ ನೀರು ಮಂಡ್ಯಕ್ಕೆ ಹರಿಯಿತು, ಕಬ್ಬು ಬಂತು. 1932ರಲ್ಲಿ ದೇಶದ ಸಕ್ಕರೆಗೆ ಆಮದು ಸುಂಕದ ರಕ್ಷಣೆ ಸಿಕ್ಕಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಷ್ಟದ ಕಾಲದಲ್ಲೇ ಸರ್ಕಾರ ದುಡ್ಡು ಹಾಕಿದ್ದರಿಂದ ಒಂದು ಜಿಲ್ಲೆಯ ಬದುಕೇ ಬದಲಾಯಿತು.

ಸ್ವಾತಂತ್ರ್ಯದ ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. 2002ರಲ್ಲಿ ಸರ್ಕಾರಿ ಸಾಲಕ್ಕೆ ಕಾನೂನಿನ ಕಡಿವಾಣ ಹಾಕಿಕೊಂಡ ಮೊದಲ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ, ಅಂದರೆ ಸಾಲ ಬಿಟ್ಟು ಬರುವ ಆದಾಯಕ್ಕಿಂತ ಹೆಚ್ಚಾದ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು ಅನ್ನುವುದು ಅದರ ಸಾರ. ಕೊರೊನಾ ಬರುವವರೆಗೆ ಇದು ಬಹುಮಟ್ಟಿಗೆ ನಡೆಯಿತು.

2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಗೃಹಲಕ್ಷ್ಮಿ ಚಾಲನೆಗೊಂಡಿತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಆ ದುಡ್ಡು ಊರಿನ ಅಂಗಡಿಗೇ ಬರುತ್ತದೆ, ಸುಮ್ನೆ ಪೋಲು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ 2025–26ರ ಬಜೆಟ್‌ನಲ್ಲಿ ರಾಜಸ್ವ ಕೊರತೆಯ ಅಂದಾಜು ಸುಮಾರು 19 ಸಾವಿರ ಕೋಟಿ ರೂಪಾಯಿ. ಅಂದರೆ ನಿತ್ಯದ ಖರ್ಚಿಗೂ ಸಾಲ. ನನ್ನ ಆತಂಕ ಇದೇ. ಅದು ಕನ್ನಂಬಾಡಿಗೆ ಹಾಕಿದ ದುಡ್ಡಿನಂತಲ್ಲ, ಮುಂದೆ ಅದರಿಂದ ಆದಾಯ ಹುಟ್ಟುವುದಿಲ್ಲ.

2023ರಲ್ಲೇ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು. ಕೇಂದ್ರದ ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್‌ಗೆ ಹೋಗಬೇಕಾಯಿತು. ಸುಮಾರು 3,454 ಕೋಟಿ ರೂಪಾಯಿ ಮಂಜೂರಾಗುವ ಹೊತ್ತಿಗೆ 2024ರ ಏಪ್ರಿಲ್ ಕೊನೆ. ಇನ್ನೊಂದು ಬರ ಬಂದರೆ ನಮ್ಮದೇ ಖಜಾನೆಯಿಂದ ರೈತನಿಗೆ ತಕ್ಷಣ ಎಷ್ಟು ಕೊಡಬಹುದು? ನಮ್ಮ ಶಾಸಕರನ್ನು ಈ ಪ್ರಶ್ನೆಯನ್ನೂ ಕೇಳಬೇಕು.