ಕಾಡು ಉಳಿಸಲು ಕೊಡುವ ಹಣ ಸಸಿಗೋ, ಸಂಶೋಧನೆಗೋ?

ಓದುಗರ ಪ್ರಶ್ನೆ: ವನ್ಯಜೀವಿಗಳಿಗಾಗಿ ನಾವು ವರ್ಷಕ್ಕೆ ಒಂದಿಷ್ಟು ಹಣ ತೆಗೆದಿಡುತ್ತೇವೆ. ಸಸಿ ನೆಡುವವರಿಗೆ ಕೊಟ್ಟರೆ ಎಷ್ಟು ಗಿಡ ನೆಟ್ಟರೆಂಬುದು ಕಣ್ಣಿಗೆ ಕಾಣುತ್ತದೆ. ವರ್ಷಗಟ್ಟಲೆ ಮರದ ಸುತ್ತಳತೆ ತೆಗೆಯುವ, ಪ್ರಾಣಿ ಎಣಿಸುವ ಸಂಶೋಧನೆಗೆ ಕೊಟ್ಟರೆ ಕಾಡಿಗೆ ನಿಜವಾಗಿ ಏನು ಸಿಗುತ್ತದೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪದೇ ಪದೇ ಬರುತ್ತದೆ, ಮತ್ತು ಅದರ ಹಿಂದಿರುವ ಅನುಮಾನ ತಪ್ಪೇನಲ್ಲ. ಆದರೆ ಸಸಿ ನೆಡುವುದು ಸದಾ ಒಳ್ಳೆಯದೇ ಎಂಬ ನಂಬಿಕೆಯನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಬಹುದು. 1974ರಲ್ಲಿ ಘೋಷಣೆಯಾದ ಈ ಪ್ರದೇಶ ಮೂಲತಃ ಕುರುಚಲು ಗಿಡಗಳ ನಡುವಿನ ಹುಲ್ಲುಗಾವಲು. ಬಯಲಿನಲ್ಲಿ ದೂರದವರೆಗೆ ಕಣ್ಣಾಡಿಸಿ ಬದುಕುವ ಕೃಷ್ಣಮೃಗಕ್ಕೂ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಅಂಥ ನೆಲವೇ ಬೇಕು. ಅಲ್ಲಿ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿಕೊಂಡಿತು. ಒಂದು ಕಾಲದಲ್ಲಿ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಈಗ ಇಲ್ಲ. ಅದಕ್ಕೆ ಬೇಟೆಯೂ ಸೇರಿದಂತೆ ಬೇರೆ ಕಾರಣಗಳೂ ಇರಬಹುದಾದರೂ, ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿದು ಮರದಿಂದ ತುಂಬಿದ್ದು ಹಕ್ಕಿಗೆ ಉಪಕಾರ ಮಾಡಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ. ಪಶ್ಚಿಮ ಘಟ್ಟದ ನೆತ್ತಿಯ ಶೋಲಾ ಎಂಬ ಕುಳ್ಳ ಕಾಡುಗಳ ನಡುವಿನ ಹುಲ್ಲುಗಾವಲುಗಳಲ್ಲಿ ಹೊರದೇಶದ ವ್ಯಾಟಲ್ ಮರ ಮತ್ತು ನೀಲಗಿರಿ ನೆಟ್ಟಾಗಲೂ ಆದದ್ದು ಇದೇ. ನೆಟ್ಟವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆ ನೆಲ ಯಾವುದು, ಅಲ್ಲಿ ಯಾರು ಬದುಕುತ್ತಾರೆ ಎಂಬ ತಿಳಿವಳಿಕೆ ಇರಲಿಲ್ಲ, ಇಲ್ಲವೇ ಇದ್ದವರನ್ನು ಯಾರೂ ಕೇಳಲಿಲ್ಲ.

ತಿಳಿವಳಿಕೆಯ ಕೊರತೆ ಇನ್ನೂ ದುಬಾರಿಯಾದದ್ದು ಹುಲಿಯ ವಿಷಯದಲ್ಲಿ. 1960ರ ದಶಕದಿಂದ ನಮ್ಮ ದೇಶದಲ್ಲಿ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸಲಾಗುತ್ತಿತ್ತು. ಒಂದೊಂದು ಹುಲಿಯ ಹೆಜ್ಜೆಯನ್ನೂ ಬೇರ್ಪಡಿಸಿ ಗುರುತಿಸಬಹುದು ಎಂಬುದು ಆ ವಿಧಾನದ ಆಧಾರ. ಮಣ್ಣಿನ ತೇವ, ನಡಿಗೆಯ ವೇಗ, ಅಚ್ಚು ತೆಗೆಯುವವರ ಕೈ ಇವೆಲ್ಲ ಗುರುತನ್ನು ಬದಲಿಸುತ್ತವೆ ಎಂದು ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತರು 1980ರ ದಶಕದಿಂದಲೇ ಆಕ್ಷೇಪಿಸಿದ್ದರು. ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸೆರೆಯಾದ ಹುಲಿ ಮತ್ತೆ ಎಷ್ಟು ಬಾರಿ ಸೆರೆಯಾಗುತ್ತದೆ ಎಂಬುದರಿಂದ, ಕಣ್ಣಿಗೆ ಬೀಳದೆ ಉಳಿದ ಹುಲಿಗಳೆಷ್ಟು ಎಂಬುದನ್ನೂ ಸಂಖ್ಯಾಶಾಸ್ತ್ರದ ನೆರವಿನಿಂದ ಅಂದಾಜಿಸಬಹುದು. ನಾಗರಹೊಳೆಯಲ್ಲಿ ಈ ವಿಧಾನವನ್ನು ಪ್ರಯೋಗಿಸಿದ ಅವರ ಪ್ರಬಂಧ ಪ್ರಕಟವಾದದ್ದು 1995ರಲ್ಲಿ. ಹತ್ತು ವರ್ಷಗಳ ನಂತರ, ದಾಖಲೆಯಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೇ ಒಂದು ಹುಲಿಯೂ ಉಳಿದಿಲ್ಲವೆಂದು ದೃಢಪಟ್ಟಾಗ ದೇಶವೇ ಬೆಚ್ಚಿತು. ಆಮೇಲೆಯೇ ರಾಷ್ಟ್ರಮಟ್ಟದ ಎಣಿಕೆಯ ವಿಧಾನ ಬದಲಾಯಿತು. 2001-02ರ ಲೆಕ್ಕದಲ್ಲಿ 3,642 ಹುಲಿಗಳಿದ್ದರೆ, 2006ರ ಹೊಸ ಅಂದಾಜು ಕೇವಲ 1,411 ಎಂದು ಹೇಳಿತು. ವಿಧಾನಗಳು ಬೇರೆಯಾದ್ದರಿಂದ ಈ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸಿ ಇಷ್ಟು ಹುಲಿ ಸತ್ತವು ಎನ್ನುವಂತಿಲ್ಲ. ಹಳೆಯ ಸಂಖ್ಯೆಯನ್ನು ನಂಬಿ ನಿಶ್ಚಿಂತರಾಗಿದ್ದ ವರ್ಷಗಳೇ ಇಲ್ಲಿ ಆದ ನಷ್ಟ.

ನೀವು ಪ್ರಸ್ತಾಪಿಸಿದ ಸುತ್ತಳತೆಯ ಕೆಲಸಕ್ಕೆ ಬರುತ್ತೇನೆ. ನೀಲಗಿರಿ ಜಿಲ್ಲೆಯ ಮುದುಮಲೆಯಲ್ಲಿ, ನಮ್ಮ ಬಂಡೀಪುರದ ಗಡಿಗೆ ಅಂಟಿಕೊಂಡಂತಿರುವ ಎಲೆ ಉದುರಿಸುವ ಒಣ ಕಾಡಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 1988ರಲ್ಲಿ 50 ಹೆಕ್ಟೇರಿನ ಒಂದು ಅಧ್ಯಯನ ತಾಕನ್ನು ಗುರುತು ಹಾಕಿದರು. ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ, ಒಂದು ಕಿಲೋಮೀಟರ್ ಉದ್ದ ಹಾಗೂ ಅರ್ಧ ಕಿಲೋಮೀಟರ್ ಅಗಲದ ಆ ಜಾಗದಲ್ಲಿ ಎದೆಮಟ್ಟದಲ್ಲಿ ಕನಿಷ್ಠ ಒಂದು ಸೆಂಟಿಮೀಟರ್ ದಪ್ಪವಿರುವ ಪ್ರತಿಯೊಂದು ಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಅದು ಇರುವ ಜಾಗವನ್ನು ನಕ್ಷೆಯಲ್ಲಿ ನಮೂದಿಸಿದರು. ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 26,000 ಗಿಡಮರಗಳು, ಸುಮಾರು 70 ಜಾತಿಗಳು. ಅಂದಿನಿಂದ ಪ್ರತಿ ವರ್ಷ ಯಾವುದು ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂಬ ಲೆಕ್ಕ, ಕೆಲವು ವರ್ಷಗಳಿಗೊಮ್ಮೆ ಎಲ್ಲದರ ಅಳತೆ ನಡೆಯುತ್ತ ಬಂದಿದೆ. ಇದೇ ಬಗೆಯ ತಾಕುಗಳಿಗೆ ಮಾದರಿಯಾದದ್ದು ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಆರಂಭಿಸಿದ ತಾಕು. ಅಲ್ಲಿನ ಮಳೆಕಾಡಿನಲ್ಲಿ ಅಷ್ಟೇ ವಿಸ್ತಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿಡಮರಗಳು, ಸುಮಾರು 300 ಜಾತಿಗಳು ಇದ್ದವು. ಒಂದು ಉಷ್ಣವಲಯದ ಕಾಡಿನ ಅನುಭವವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಈ ಅಂತರವೇ ಸಾಕು. ಮತ್ತಿ, ದಿಂಡಿಗ, ತೇಗ, ನಂದಿ ಮರಗಳ ನಮ್ಮ ಒಣ ಕಾಡನ್ನು ನಾವೇ ಕೂತು ನೋಡಬೇಕು.

ಕೂತು ನೋಡಿದ್ದರಿಂದ ತಿಳಿದದ್ದೇನು? ಆರಂಭದ ಕೆಲವೇ ವರ್ಷಗಳಲ್ಲಿ, ದಾಸವಾಳದ ಕುಟುಂಬಕ್ಕೆ ಸೇರಿದ ಕೈಡಿಯಾ ಎಂಬ, ಹೇರಳವಾಗಿದ್ದ ಮರ ಆ ತಾಕಿನಲ್ಲಿ ತೀವ್ರವಾಗಿ ಕುಸಿಯಿತು. ಆನೆಗಳು ಅದನ್ನು ಮುರಿದು, ತೊಗಟೆ ಸುಲಿದು ತಿನ್ನುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಬೆಂಕಿ ಬಿದ್ದ ವರ್ಷಗಳಲ್ಲಿ ಎಳೆಯ ಗಿಡಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದವು, ದೊಡ್ಡ ಮರಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತಿದ್ದವು. ಮೊದಲ ಮೂರು ವರ್ಷಗಳ ಅಂಕಿಗಳನ್ನಷ್ಟೇ ನೋಡಿದ್ದವರು ಕಾಡು ನಾಶದ ಹಾದಿಯಲ್ಲಿದೆ, ಆನೆಗಳನ್ನು ಓಡಿಸಬೇಕು ಎಂದುಬಿಡಬಹುದಿತ್ತು. ದಶಕಗಳ ಲೆಕ್ಕ ಬೇರೆಯದನ್ನು ತೋರಿಸುತ್ತದೆ: ಗಿಡಗಳ ಸಂಖ್ಯೆ ಇಳಿಯುತ್ತದೆ, ಮಳೆ ಮತ್ತು ಬೆಂಕಿಯ ಏರಿಳಿತದೊಂದಿಗೆ ಮತ್ತೆ ಏರುತ್ತದೆ, ಕೆಲವು ಜಾತಿಗಳು ಹಿಂದೆ ಸರಿದು ಕೆಲವು ಮುಂದೆ ಬರುತ್ತವೆ, ಒಣ ಕಾಡು ನಿಂತ ನೀರಿನಂತೆ ಇರುವುದೇ ಇಲ್ಲ. ಮರ ಒಂದು ಮನುಷ್ಯಾಯುಷ್ಯಕ್ಕಿಂತ ಹೆಚ್ಚು ಬದುಕುವುದರಿಂದ, ಅದರ ಬಗ್ಗೆ ನಂಬಲರ್ಹವಾದ ಮಾತು ಹೇಳಲು ಒಬ್ಬ ಸಂಶೋಧಕನ ಪಿಎಚ್‌.ಡಿ. ಅವಧಿ ಸಾಲುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಕಥೆ ಇನ್ನೊಂದು ಕೋನವನ್ನು ತೆರೆಯುತ್ತದೆ. ಅಲ್ಲಿ ಪರಿಸರ ಸಂಶೋಧನಾ ಸಂಸ್ಥೆಯಾದ ಅಶೋಕ ಟ್ರಸ್ಟ್‌ನ ಸಂಶೋಧಕರು 1997ರಲ್ಲಿ ನೋಡಿದ್ದ ತಾಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಎಂಬ ಹೊರಗಿನ ಕಳೆಪೊದೆ ಕಾಣಿಸಿಕೊಂಡ ತಾಕುಗಳು ಸುಮಾರು ಶೇ 40ರಿಂದ ಶೇ 80ಕ್ಕೆ ಏರಿದ್ದವು. ಯಾಕೆ ಎಂಬುದಕ್ಕೆ ಅಲ್ಲಿನ ಆದಿವಾಸಿಗಳಾದ ಸೋಲಿಗರ ಬಳಿ ಒಂದು ವಿವರಣೆಯಿತ್ತು. ಅವರು ಹಿಂದೆ ಬೇಸಗೆಯ ಮೊದಲಲ್ಲಿ, ನೆಲ ಇನ್ನೂ ಪೂರ್ತಿ ಒಣಗುವ ಮುಂಚೆ, ತರಗು ಬೆಂಕಿ ಹಾಕುತ್ತಿದ್ದರು. ಅದು ಉದುರಿದ ಎಲೆಯನ್ನಷ್ಟೇ ಸುಟ್ಟು ತಣ್ಣಗಾಗುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ನಂತರ ಈ ಪದ್ಧತಿಗೆ ತಡೆಬಿತ್ತು, ಲಂಟಾನ ದಟ್ಟವಾಯಿತು, ನೆಲ್ಲಿ ಮರಗಳ ಮೇಲೆ ಬಂದಳಿಕೆಯೂ ಹೆಚ್ಚಿತು ಎಂಬುದು ಅವರ ಅಭಿಪ್ರಾಯ. ಸಂಶೋಧಕರು ಇದನ್ನು ಹಳೆಯವರ ಮಾತೆಂದು ಪಕ್ಕಕ್ಕಿಡದೆ, ತಮ್ಮ ಅಂಕಿಅಂಶಗಳ ಜೊತೆಗಿಟ್ಟು ಚರ್ಚಿಸಿ ಪ್ರಕಟಿಸಿದರು. ಎಲ್ಲ ಕಾಡಿಗೂ ಬೆಂಕಿ ಹಾಕಬಹುದು ಎಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು. ಮಾರ್ಚ್-ಏಪ್ರಿಲ್‌ನ ಬೆಂಕಿಗೂ ಜನವರಿಯ ತರಗು ಬೆಂಕಿಗೂ ಅಜಗಜಾಂತರವಿದೆ, ಮಲೆನಾಡಿನ ನಿತ್ಯಹರಿದ್ವರ್ಣ ಕಾಡಿಗಂತೂ ಯಾವ ಬೆಂಕಿಯೂ ಸಲ್ಲದು. ಆದರೆ ಲಂಟಾನ ಕಿತ್ತುಹಾಕುವುದಕ್ಕೇ ಹಣ ಸುರಿಯುವ ಮುನ್ನ ಅದು ಹಬ್ಬಿದ್ದು ಹೇಗೆ ಎಂದು ಕೇಳುವುದು ಅಗ್ಗದ ಕೆಲಸ.

ಸಂಶೋಧನೆಯಿಂದ ನೇರವಾಗಿ ಕಾಡಿಗೆ ರಕ್ಷಣೆ ಸಿಕ್ಕ ನಿದರ್ಶನವೂ ನಮ್ಮಲ್ಲೇ ಇದೆ. ಶಿರಸಿ-ಹೊನ್ನಾವರದ ಘಟ್ಟದ ಕಾಡುಗಳಲ್ಲಿ ಸಿಂಗಳೀಕಗಳು ಅಷ್ಟು ಸಂಖ್ಯೆಯಲ್ಲಿ ಇರಬಹುದೆಂದು ಹೊರಗಿನವರು ನಿರೀಕ್ಷಿಸಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮೇವಾ ಸಿಂಗ್ ಹಾಗೂ ಹೊನ್ನವಳ್ಳಿ ಎನ್. ಕುಮಾರ ಅವರ ಸಮೀಕ್ಷೆ ಅಲ್ಲಿ ದೊಡ್ಡ ಸಮುದಾಯವೊಂದು ಇದೆಯೆಂದು ತೋರಿಸಿತು. ಸಿಂಗಳೀಕಕ್ಕೂ ಬೇಕಾದ ಉಪ್ಪಾಗೆ ಹಣ್ಣನ್ನು ಊರಿನವರೂ ಕೊಯ್ದು ಒಣಗಿಸಿ ಮಾರುತ್ತಾರೆ. ಹಾಗಾಗಿ ಜನರನ್ನು ಹೊರಗಿಟ್ಟು ಅಲ್ಲಿ ಸಂರಕ್ಷಣೆ ಸಾಧ್ಯವಿರಲಿಲ್ಲ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಬಂದ ಈ ಬಗೆಯ ಮೀಸಲಿನಲ್ಲಿ ಸ್ಥಳೀಯರ ಹಕ್ಕುಗಳು ರದ್ದಾಗುವುದಿಲ್ಲ. ಎಲ್ಲಿ ಎಷ್ಟು ಗುಂಪುಗಳಿವೆ, ಅವು ಯಾವ ತಿಂಗಳು ಏನು ತಿನ್ನುತ್ತವೆ ಎಂಬ ಮಾಹಿತಿ ಇಲ್ಲದಿದ್ದರೆ ಯಾವ ಗಡಿಯನ್ನು ಎಳೆಯಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಇಂಥ ಕೆಲಸಕ್ಕೆ ಹಣ ಹೊಂದಿಸುವುದು ಕಷ್ಟ. ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ಪರಿಸರ ಮತ್ತು ಸಸ್ಯ-ಪ್ರಾಣಿ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ ಬಹುವಾರ್ಷಿಕ ಯೋಜನೆಯೆಂದರೂ ಆರಂಭದ ವರ್ಷ ಬಿಟ್ಟು ಮೂರು ವರ್ಷ ಮೀರುವಂತಿಲ್ಲ ಎಂಬ ಮಿತಿ ನಿಯಮದಲ್ಲಿದೆ. ಮೂರು ವರ್ಷದಲ್ಲಿ ತೋರಿಸಬಹುದಾದದ್ದು ನೆಟ್ಟ ಸಸಿಯ ಫೋಟೋ. ಸರ್ಕಾರಿ ಅನುದಾನದ ಯೋಜನೆಗಳೂ ಸಾಮಾನ್ಯವಾಗಿ ಇಷ್ಟೇ ಅವಧಿಯವು. ನಡುವೆ ಅನುದಾನ ನಿಂತರೆ ಯಂತ್ರೋಪಕರಣಕ್ಕಿಂತ ಮೊದಲು ಕೈಬಿಟ್ಟುಹೋಗುವವರು ಕ್ಷೇತ್ರ ಸಹಾಯಕರು: ತೊಗಟೆ ಉಜ್ಜಿ ಮರದ ಹೆಸರು ಹೇಳಬಲ್ಲ, ಆನೆ ಎಲ್ಲಿದೆಯೆಂದು ವಾಸನೆಯಿಂದಲೇ ಎಚ್ಚರಿಸಬಲ್ಲ ಊರಿನವರು. ಪ್ರಬಂಧದ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಪಡೆಯುವ ಇವರ ಸಂಬಳವೇ ನನ್ನ ದೃಷ್ಟಿಯಲ್ಲಿ ಸಾಮಾನ್ಯ ದಾನಿಯೊಬ್ಬರ ಹಣ ಅತ್ಯಂತ ಚೆನ್ನಾಗಿ ವಿನಿಯೋಗವಾಗುವ ಜಾಗ. ಕೋಸ್ಟಾರಿಕದ ಗ್ವಾನಕಾಸ್ತೆಯಲ್ಲಿ ಡೇನಿಯಲ್ ಜಾನ್ಜೆನ್ ಮತ್ತು ವಿನಿ ಹಾಲ್ವಾಕ್ಸ್ 1980ರ ದಶಕದ ಕೊನೆಯಿಂದ ಸುತ್ತಮುತ್ತಲಿನ ಊರಿನವರಿಗೆ ತರಬೇತಿ ಕೊಟ್ಟು, ಕಂಬಳಿಹುಳುಗಳನ್ನು ಸಾಕಿ ಜಾತಿಗಳನ್ನು ದಾಖಲಿಸುವ ಪೂರ್ಣಾವಧಿಯ ವೃತ್ತಿಯನ್ನೇ ರೂಪಿಸಿದರು. ಅದೇ ದೇಶದಲ್ಲಿ 1963ರಲ್ಲಿ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಉಷ್ಣವಲಯ ಅಧ್ಯಯನ ಸಂಘಟನೆ 1968ರಲ್ಲಿ ಲಾ ಸೆಲ್ವಾ ಎಂಬ ಕಾಡುತೋಟವನ್ನು ಕೊಂಡು, ಅದನ್ನೇ ವಿದ್ಯಾರ್ಥಿಗಳ ಪಾಠಶಾಲೆಯಾಗಿಸಿತು. ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವನ್ಯಜೀವಿ ಸ್ನಾತಕೋತ್ತರ ಶಿಕ್ಷಣ ಈ ಕೆಲಸ ಮಾಡುತ್ತಿದೆ, ಆದರೆ ಅಲ್ಲಿ ಪ್ರವೇಶ ಎರಡು ವರ್ಷಕ್ಕೊಮ್ಮೆ, ಅದೂ ಕೆಲವೇ ಮಂದಿಗೆ.

ಇಷ್ಟು ಹೇಳಿದ ಮೇಲೆ, ಸಸಿಗೆ ಕೊಡಲೇಬಾರದೆಂದು ನನ್ನ ವಾದವಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎರಡು ದಶಕಗಳಿಂದ ಅಲ್ಲಿಯದೇ ಜಾತಿಗಳ ಬೀಜ ಆಯ್ದು, ಸಸಿ ಬೆಳೆಸಿ ನೆಡುತ್ತಿದ್ದಾರೆ. ನೆಡದೆ ಬಿಟ್ಟ ತುಣುಕುಗಳೊಂದಿಗೆ ಹೋಲಿಸಿ ಫಲಿತಾಂಶವನ್ನೂ ಪ್ರಕಟಿಸಿದ್ದಾರೆ. ಹಣ ಕೊಡುವ ಮುನ್ನ ಕೇಳಬೇಕಾದ್ದು ಇದನ್ನೇ: ನೆಡುವ ಜಾಗ ಮೊದಲು ಕಾಡಾಗಿತ್ತೇ, ಹುಲ್ಲುಗಾವಲಾಗಿತ್ತೇ, ಜಾತಿಗಳು ಯಾವುವು, ಐದು ವರ್ಷದ ನಂತರ ಬದುಕಿರುವ ಗಿಡಗಳ ಲೆಕ್ಕ ಇಡುವವರು ಯಾರು? ಸಂಶೋಧನಾ ಸಂಸ್ಥೆಯನ್ನೂ ಬಿಡಬಾರದು. ದತ್ತಾಂಶ ಇತರರಿಗೆ ಸಿಗುತ್ತದೆಯೇ, ಅರಣ್ಯ ಇಲಾಖೆಗೂ ಊರಿನವರಿಗೂ ಕನ್ನಡದಲ್ಲಿ ವರದಿ ತಲುಪುತ್ತದೆಯೇ, ಕ್ಷೇತ್ರ ಸಿಬ್ಬಂದಿಗೆ ವಿಮೆ ಇದೆಯೇ ಎಂದು ಕೇಳಿ. ಇಂಗ್ಲಿಷ್ ನಿಯತಕಾಲಿಕೆಯಲ್ಲಿ ಅಚ್ಚಾಗಿ ಅಲ್ಲೇ ಉಳಿಯುವ ಅಧ್ಯಯನಗಳು ಬೇಕಾದಷ್ಟಿವೆ, ಅವಕ್ಕೆ ನಿಮ್ಮ ಮನೆಯ ಹಣ ಹೋಗಬೇಕಾಗಿಲ್ಲ. ಒಳ್ಳೆಯ ಉತ್ತರ ಸಿಕ್ಕಲ್ಲಿ, ಒಮ್ಮೆಗೆ ದೊಡ್ಡ ಮೊತ್ತ ಕೊಡುವುದಕ್ಕಿಂತ ಸಣ್ಣ ಮೊತ್ತವನ್ನು ಹತ್ತು ವರ್ಷ ತಪ್ಪದೆ ಕೊಡುವುದು ಹೆಚ್ಚು ಉಪಯುಕ್ತ.

ಹಣದ ಜೊತೆಗೆ ಸಮಯವನ್ನೂ ಕೊಡಲು ಸಾಧ್ಯವಿದ್ದರೆ, ಇನ್ನೊಂದು ದಾರಿಯಿದೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿದ್ದು ಸುಮಾರು 30,000 ಹಕ್ಕಿ ವೀಕ್ಷಕರು ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳ ಆಧಾರದಲ್ಲಿ. ಅವರಲ್ಲಿ ಬಹುಪಾಲು ಜನ ವೃತ್ತಿಯಿಂದ ವಿಜ್ಞಾನಿಗಳಲ್ಲ. ಫೆಬ್ರವರಿ ನಡುವಿನ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ಭಾಗವಹಿಸಲು ಕನಿಷ್ಠ 15 ನಿಮಿಷ ಸಾಕು, ಮಕ್ಕಳನ್ನೂ ಕೂರಿಸಿಕೊಳ್ಳಬಹುದು.